ಕುರ್ಚಿ ಸುತ್ತ ಬಿಟ್ಟ ಜಾಗ

ನಮ್ಮ ಮನೆ ಗುಂಪಿನಲ್ಲಿ ಬರೋದು ಶುಭೋದಯ, ಕಾಫಿ ರೇಟು, ಇಲ್ಲಾಂದ್ರೆ ಯಾರ ತೋಟಕ್ಕೆ ಆನೆ ಬಂತು ಅನ್ನೋ ಸುದ್ದಿ. ಭಾನುವಾರ ಅಲ್ಲಿ ನನ್ನದೊಂದು ಸಣ್ಣಕತೆ ಹಾಕಿದೆ. ಎರಡೇ ಪುಟ.

ದೊಡ್ಡಪ್ಪ: ಓದಿದೆ ಮಗಾ. ಚೆನ್ನಾಗಿದೆ. ಮುಂದಿನ ಭಾಗ ಯಾವಾಗ?

ನಾನು: ಅಷ್ಟೇ ದೊಡ್ಡಪ್ಪ. ಮುಗೀತು.

ದೊಡ್ಡಪ್ಪ: ಎಲ್ಲಿ ಮುಗೀತು? ಅಕಾಲ ಮಳೆ ಬಂತು. ಕಣದಲ್ಲಿ ಒಣಗೋಕೆ ಹರಡಿದ್ದ ಕಾಫಿ ಗುಡ್ಡೆ ಮಾಡೋಕೆ ಎಲ್ಲರೂ ಓಡಿದರು. ಕಣದಲ್ಲೇ ಕೂತಿದ್ದ ಅಜ್ಜ ಕುರ್ಚಿ ಬಿಟ್ಟು ಏಳಲಿಲ್ಲ. ಮಾರನೇ ದಿನ ಸೊಸೆ ಕಾಫಿ ಹರಡುವಾಗ ಕುರ್ಚಿ ಸುತ್ತ ಜಾಗ ಬಿಟ್ಟಳು. ಅಜ್ಜ ಇದ್ದಾರೋ, ಹೋದರೋ?

ಅಣ್ಣ: ಜಾಗ ಬಿಟ್ಟಳಲ್ಲ, ಅದೇ ಉತ್ತರ.

ದೊಡ್ಡಪ್ಪ: ಇನ್ನೊಂದು ಸಾಲು ಬರೆದರೆ ಕೈ ಸವೆಯುತ್ತಾ?

ಅಣ್ಣ: ಆ ಸಾಲು ಹಾಕಿದರೆ ನಿಧನ ವಾರ್ತೆ ಆಗುತ್ತೆ.

ಅತ್ತೆ: ಅದಿರಲಿ. ಮನೆ ವಿಷಯ ಊರಿಗೆಲ್ಲ ಯಾಕೆ ಹಂಚ್ತೀಯ? ಅಪ್ಪ ಆಳುಗಳಿಗೆ ಬೈದದ್ದೂ ಇದೆ ಅದರಲ್ಲಿ.

ನಾನು: ಹೆಸರು ಎಲ್ಲೂ ಹಾಕಿಲ್ಲ ಅತ್ತೆ.

ಅತ್ತೆ: ಕೆಮ್ಮು ಹಾಕಿದ್ದೀಯಲ್ಲ! ಎರಡು ಸಲ ಕೆಮ್ಮಿ, ಸ್ವಲ್ಪ ತಡೆದು, ಇನ್ನೊಂದು. ನಮ್ಮಪ್ಪನ ಹಾಗೆ ಇನ್ಯಾರು ಕೆಮ್ತಿದ್ರು?

(ಬೈಸಿಕೊಳ್ಳುತ್ತಲೇ ನನಗೆ ಒಳಗೊಳಗೇ ಖುಷಿ. ಆ ಕೆಮ್ಮಿಗೆ ಮೂರು ದಿನ ಒದ್ದಾಡಿದ್ದೆ.)

ದೊಡ್ಡಪ್ಪ: ನಮ್ಮ ಕತೆಗಾರ್ತಿ ಕೊಡಗಿನ ಗೌರಮ್ಮನವರನ್ನು ನೋಡು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು, 1939ರಲ್ಲಿ ನೀರುಪಾಲಾದರು. ಅಷ್ಟು ಸಣ್ಣ ವಯಸ್ಸಿಗೇ ವಿಧವೆಯರ ಕಷ್ಟ ಎಲ್ಲ ಬರೆದರು. ಏನು ಹೇಳ್ತಿದ್ದಾರೆ ಅಂತ ಸ್ಪಷ್ಟ ಗೊತ್ತಾಗುತ್ತೆ.

ನಾನು: ಅದು ಕತೆಯ ಒಳಗಿಂದ ಗೊತ್ತಾಗೋದು ದೊಡ್ಡಪ್ಪ. ಕೊನೆಗೆ ಬಂದು ಭಾಷಣ ಮಾಡಬೇಕಿಲ್ಲ.

ಅತ್ತೆ: ಅವರೂ ಬೇರೆ ಹೆಸರಲ್ಲಿ ಬರೀತಿದ್ರು. ಮಿಸೆಸ್ ಬಿ.ಟಿ.ಜಿ. ಕೃಷ್ಣ ಅಂತ. ನೀನೂ ಹಾಗೇ ಮಾಡು.

ಅಣ್ಣ: ಅದು ಗಂಡನ ಹೆಸರಿಂದ ಮಾಡಿಕೊಂಡದ್ದು ಅತ್ತೆ. ಇವಳಿಗೆ ಮೊದಲು ಗಂಡು ಹುಡುಕಿ.

ಅತ್ತೆ: ಹಾಗಾದ್ರೆ ಕಾದಂಬರಿಯಾದರೂ ಬರೀಲಿ. ಸಣ್ಣಕತೆ ಈಗ ಯಾರು ಓದ್ತಾರೆ?

ಅಣ್ಣ: 2025ರ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು ಬಾನು ಮುಷ್ತಾಕ್ ಅವರ ಸಣ್ಣಕತೆಗಳಿಗೆ. 12 ಕತೆ. ಕಥಾಸಂಕಲನಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಮಡಿಕೇರಿಯವರು.

ಅತ್ತೆ: ಗೊತ್ತು, ಗೊತ್ತು. ಅವತ್ತು ಇಲ್ಲಿ ಫಾರ್ವರ್ಡ್ ಮಾಡಿದ್ದೇ ನಾನು.

ದೊಡ್ಡಪ್ಪ: ನನ್ನದು ಇನ್ನೊಂದು ತಕರಾರು. ಮಳೆ ಬಿದ್ದ ರಾತ್ರಿಯೇ ಕಾಫಿ ಹೂವಿನ ಘಮ ಬಂತು ಅಂದಿದ್ದೀಯ. ಮಳೆ ಬಿದ್ದು ಹೂ ಅರಳೋಕೆ 8-10 ದಿನ ಬೇಕು. ತೋಟದ ಮನೆ ಹುಡುಗಿ ಅಂತ ಎಲ್ಲೂ ಹೇಳ್ಕೋಬೇಡ.

ಅಣ್ಣ: ಕತೆ ಅಲ್ವಾ, ಅಷ್ಟು ನಡೆಯುತ್ತೆ ಬಿಡಿ.

ನಾನು: ಇಲ್ಲ ಅಣ್ಣ, ನಡೆಯಲ್ಲ. ಅದು ಸುಮ್ನೆ ಚಂದಕ್ಕೆ ಹಾಕಿದ ಸಾಲು. ತೋಟದವರು ಓದಿದರೆ ಅಲ್ಲೇ ಪುಸ್ತಕ ಮಡಚ್ತಾರೆ. ತೆಗೀತೀನಿ ದೊಡ್ಡಪ್ಪ. ಒದ್ದೆ ಗೋಣಿಚೀಲದ ವಾಸನೆ ಅಂತ ಹಾಕ್ತೀನಿ.

ದೊಡ್ಡಪ್ಪ: ಹಾಂ. ಅದು ಇತ್ತು. ವಾರವಿಡೀ ಮನೆ ತುಂಬ ಅದೇ.

ಆಮೇಲೆ ಸಂಜೆವರೆಗೆ ಯಾರ ಸುದ್ದಿಯೂ ಇಲ್ಲ. ಗುಂಪಿನಲ್ಲಿ ಯಾವತ್ತೂ ಬಾಯಿ ಬಿಡದ ಅಮ್ಮ ರಾತ್ರಿ ಒಂಬತ್ತಕ್ಕೆ ಬರೆದರು.

ಅಮ್ಮ: ಈಗ ಓದಿದೆ. ಅವತ್ತು ಬೆಳಿಗ್ಗೆ ಕಾಫಿ ಹರಡಿದ್ದು ನಾನಲ್ಲ. ನಾನು ಒಲೆ ಮುಂದೆ ಇದ್ದೆ. ಮಾವನ ಕುರ್ಚಿ ಸುತ್ತ ಜಾಗ ಬಿಟ್ಟದ್ದು ನಿಮ್ಮತ್ತೆ.

ಅತ್ತೆ ಏನೋ ಹಾಕಿದರು. ನಾನು ತೆರೆಯುವಷ್ಟರಲ್ಲಿ ಡಿಲೀಟ್ ಮಾಡಿದ್ದರು. ಟೈಪಿಂಗ್ ಅಂತ ಬರುತ್ತೆ, ಹೋಗುತ್ತೆ. ಹತ್ತು ನಿಮಿಷ ಆಯಿತು.

ಅತ್ತೆ: ಆ ಕುರ್ಚಿ ಬೆತ್ತದ್ದು. ಪ್ಲಾಸ್ಟಿಕ್ ಅಂತ ಬರೆದಿದ್ದೀಯ. ತಿದ್ದು.