ಸ್ವೀಟ್ ಡಬ್ಬಿ ತಕ್ಕಡಿ ಮೇಲೆ ಇಟ್ಟಾಗೆಲ್ಲ ಮನಸ್ಸು ಚುಚ್ಚುತ್ತಿದೆ, ಏನು ಮಾಡಲಿ?

ಬೆಟಗೇರಿ ಬೇಕರಿ:
ಎಲ್ಲರಿಗೂ ವಂದನೆ. ನನ್ನದು ಬೆಟಗೇರಿಯಲ್ಲಿ ಒಂದು ಸಣ್ಣ ಬೇಕರಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಕಾಲದಿಂದಲೂ ನಮ್ಮ ಮನೆಯವರು ಇಲ್ಲಿನ ಚರ್ಚ್ ಸಭೆಯವರು. ದಿನಾ ಬೆಳಗ್ಗೆ ಶಟರ್ ಎತ್ತಿ, ಗಲ್ಲಾ ಮುಟ್ಟುವ ಮೊದಲು ನಿಂತು ಪ್ರಾರ್ಥನೆ ಮಾಡುತ್ತೇನೆ. ಅಪ್ಪ ಹಾಕಿಕೊಟ್ಟ ರೂಢಿ ಅದು. ಡಬ್ಬಿ ಸಮೇತ ಸ್ವೀಟ್ ತೂಗುವುದೂ ಅಪ್ಪನ ಕಾಲದ್ದೇ.

ಈ ಸಲ ಈಸ್ಟರ್‌ಗೆ ಮುಂಚಿನ 40 ದಿನ ಮಾಂಸ ಬಿಟ್ಟೆ, ಚಹಾನೂ ಬಿಟ್ಟೆ. ಮೂರನೇ ವಾರ ಒಬ್ಬ ಅಕ್ಕ ಬಂದರು. ಕಟ್ಟಡದ ಕೆಲಸ ಮಾಡುವವರು, ಉಗುರಿನ ಸಂದಿಯಲ್ಲೆಲ್ಲ ಸಿಮೆಂಟ್. ಕಾಲು ಕೆಜಿ ಮೈಸೂರು ಪಾಕ್ ಕೇಳಿದರು. ನಾನು ಡಬ್ಬಿಗೆ ಕೈ ಹಾಕಿದೆ. "ಡಬ್ಬಿ ಬ್ಯಾಡ್ರಿ ಅಣ್ಣಾ, ಪೇಪರಿನಾಗ ಕಟ್ರಿ. ಒಂದು ತುಂಡು ಜಾಸ್ತಿ ಬರತೈತಿ" ಅಂದರು. ಸಿಟ್ಟಿರಲಿಲ್ಲ, ಸುಮ್ನೆ ಹೇಳಿದರು. ಪೇಪರಿನಲ್ಲಿ ತೂಗಿದೆ. ಹೌದು, ಒಂದು ತುಂಡು ಜಾಸ್ತಿ ಬಂತು.

ಅವತ್ತು ರಾತ್ರಿ ಖಾಲಿ ಡಬ್ಬಿ ತೂಗಿ ನೋಡಿದೆ. ಅರ್ಧ ಕೆಜಿದು 45 ಗ್ರಾಂ. ಕೆಜಿಗೆ 480ರಂತೆ ಅಷ್ಟು ರಟ್ಟಿಗೆ 21 ರೂಪಾಯಿ ಚಿಲ್ಲರೆ ತಗೊಂಡ ಹಾಗಾಯಿತು. ಡಬ್ಬಿ ನನಗೆ ಬೀಳುವುದು 7 ರೂಪಾಯಿಗೆ. ಚಹಾ ಬಿಟ್ಟವನು ಇದನ್ನು ಯಾಕೆ ಬಿಟ್ಟಿಲ್ಲ ಅಂತ ಅವತ್ತು ನಿದ್ದೆ ಬರಲಿಲ್ಲ.

ಅಂಗಡಿಯಲ್ಲಿ ತಮ್ಮನೂ ಪಾಲುದಾರ. "ಎಲ್ಲ ಕಡೆ ಹೀಂಗ ತೂಗ್ತಾರ. ನಾವೊಬ್ಬರೇ ಡಬ್ಬಿ ಬಿಟ್ಟು ತೂಗಿ ರೇಟ್ ಏರಿಸಿದ್ರ ಗಿರಾಕಿ ಎದುರಿನ ಅಂಗಡಿಗೆ ಹೋಗ್ತಾರ" ಅನ್ನುತ್ತಾನೆ. ಅವನ ಮಾತೂ ಸುಳ್ಳಲ್ಲ. ಮಕ್ಕಳ ಫೀಸು, ಓವನ್ ಸಾಲದ ಕಂತು ಎಲ್ಲ ಇದರಲ್ಲೇ ನಡೆಯಬೇಕು. ವ್ಯಾಪಾರ ಮಾಡುವವರು ಯಾರಾದರೂ ಇದ್ದರೆ ದಾರಿ ಹೇಳಿ.

ತೂಕ ಇಲಾಖೆ ನಿವೃತ್ತ:
ತಮ್ಮಾ, ಬೈಬಲ್ ವಾಕ್ಯ ಆಮೇಲೆ, ಮೊದಲು ಕಾನೂನು ಹೇಳುತ್ತೇನೆ. ಹೇಳಿದ್ದಕ್ಕಿಂತ ಕಡಿಮೆ ತೂಗಿ ಕೊಡುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಅರ್ಧ ಕೆಜಿ ಸ್ವೀಟ್ ಅಂದರೆ ಸ್ವೀಟೇ ಅರ್ಧ ಕೆಜಿ ಇರಬೇಕು. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಟೇರ್ ಅಂತ ಒಂದು ಬಟನ್ ಇರುತ್ತದೆ. ಖಾಲಿ ಡಬ್ಬಿ ಇಡಿ, ಅದನ್ನು ಒತ್ತಿ, ಸೊನ್ನೆ ಬಂದ ಮೇಲೆ ಸ್ವೀಟ್ ತುಂಬಿ. ಅಂಕಿ ಗಿರಾಕಿಗೆ ಕಾಣುವ ಹಾಗೆ ತಕ್ಕಡಿ ತಿರುಗಿಸಿ. ವರ್ಷಕ್ಕೊಮ್ಮೆ ತಕ್ಕಡಿಗೆ ಇಲಾಖೆಯ ಮುದ್ರೆ ಹಾಕಿಸುವುದನ್ನೂ ಮರೆಯಬೇಡಿ.

ಮೂಡಿಗೆರೆ ತೋಟದಿಂದ:
ಅಣ್ಣ, ನೀವು ಬರೆದದ್ದನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯ ತೆಗೆದು ನೋಡಿ. ಸರಿಯಾದ ತಕ್ಕಡಿ, ಸರಿಯಾದ ತೂಕದ ಕಲ್ಲು ಅಂತ ಕೊನೆಗೆ ಬರುತ್ತದೆ. ಅದೇ ಅಧ್ಯಾಯದಲ್ಲಿ ಮೇಲೆ ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಅಂತಲೂ ಇದೆ. ನಮ್ಮ ಕಾಫಿ ತೋಟದಲ್ಲಿ ಶನಿವಾರ ಬಟವಾಡೆ. ಚಿಲ್ಲರೆ ಇಲ್ಲ, ಬ್ಯಾಂಕ್ ರಜೆ ಅಂತ ಸೋಮವಾರಕ್ಕೆ ದೂಡುತ್ತಿದ್ದೆವು. ಭಾನುವಾರ ಸಂತೆ. ದುಡ್ಡಿಲ್ಲದೆ ಅವರು ಏನು ತರುತ್ತಾರೆ? ಈಗ ಶುಕ್ರವಾರವೇ ದುಡ್ಡು ತಂದು ಎಣಿಸಿಟ್ಟಿರುತ್ತೇನೆ.

ದಯವಿಟ್ಟು ರೇಟ್ ಏರಿಸಿದರೆ ಅದಕ್ಕೆ ಅಂಗಡಿಯಲ್ಲಿ ವಾಕ್ಯದ ಬೋರ್ಡ್ ಹಾಕಬೇಡಿ. ಪಕ್ಕದವರೆಲ್ಲ ಕಳ್ಳರು ಅಂದ ಹಾಗೆ ಆಗುತ್ತದೆ.

ಭದ್ರಾವತಿ ಹುಡುಗ:
ಹಿಂದೆ ತಗೊಂಡದ್ದಕ್ಕೆ ಏನು ಮಾಡುತ್ತೀರಿ ಅಣ್ಣ? ಬೈಬಲಿನಲ್ಲಿ ಬರುವ ಸುಂಕದವ ಜಕ್ಕಾಯ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದಿದ್ದ. ತಪ್ಪು ಹುಡುಕಲು ಕೇಳುತ್ತಿಲ್ಲ. ನನಗೂ ಇಂಥದ್ದೇ ಒಂದು ಬಾಕಿ ಇದೆ.

ಬೆಟಗೇರಿ ಬೇಕರಿ:
ಎಲ್ಲರಿಗೂ ಥ್ಯಾಂಕ್ಸ್. ಟೇರ್ ಬಟನ್ ಇಷ್ಟು ವರ್ಷ ಕಣ್ಣೆದುರೇ ಇತ್ತು. ತಮ್ಮನ ಜೊತೆ ಎರಡು ರಾತ್ರಿ ಕೂತು ಮಾತಾಡಿದೆ. ಸ್ವೀಟಿನ ರೇಟ್ 480ನ್ನೇ ಇಟ್ಟು, ಡಬ್ಬಿಗೆ ಬೇರೆ 7 ರೂಪಾಯಿ ತಗೊಳ್ಳೋಣ, ಪೇಪರ್ ಬೇಕೆಂದವರಿಗೆ ಪೇಪರ್ ಕೊಡೋಣ ಅಂತ ಆಯಿತು. ಮೂರು ತಿಂಗಳು ನೋಡೋಣ ಅಂದಿದ್ದಾನೆ. ಅಷ್ಟು ಒಪ್ಪಿದ್ದೇ ನನಗೆ ದೊಡ್ಡದು.

ಭದ್ರಾವತಿ ತಮ್ಮಾ, ಹಳೇದು ಯಾರ್ಯಾರಿಗೆ ಅಂತ ಕೊಡಲಿ? ಹೆಸರು ಗೊತ್ತಿಲ್ಲ. ಎದುರಿನ ಕಟ್ಟಡದಲ್ಲಿ ಕೆಲಸ ಮಾಡುವವರಿಗೆ ಸಂಜೆ ಹೊತ್ತು ಬನ್ ಕಳಿಸಲು ಶುರು ಮಾಡಿದ್ದೇನೆ. ಅದು ಲೆಕ್ಕ ತೀರಿಸುವುದಲ್ಲ, ಗೊತ್ತು. ನಿನ್ನ ಬಾಕಿಯವರ ಹೆಸರು ಗೊತ್ತಿದ್ದರೆ ನೀನು ಹೋಗಿ ಕೊಟ್ಟುಬಿಡು.

ಇವತ್ತು ಸೋಮವಾರ, ಮೊದಲ ದಿನ. 23 ಡಬ್ಬಿ ಹೋಗಿವೆ. ಇಬ್ಬರು 7 ರೂಪಾಯಿ ಯಾಕೆ ಅಂತ ಕೇಳಿ ಎದುರಿನ ಅಂಗಡಿಗೆ ಹೋದರು.