ಅಪ್‌ಡೇಟ್: ಬಿಟ್.ಟ್ರಿಪ್‌ನಲ್ಲಿ ತಾಳ ತಪ್ಪುತ್ತಿದ್ದದ್ದು ಯಾಕೆ ಅಂತ ಗೊತ್ತಾಯಿತು

ಹೋದ ವಾರ ಕೇಳಿದ್ದೆನಲ್ಲ, ಹಾಡಿನ ತಾಳಕ್ಕೆ ಆಡುವ ಬಿಟ್.ಟ್ರಿಪ್ ವಿಡಿಯೋ ಗೇಮ್ ಸರಣಿಯ ರನ್ನರ್ ಆಟದ 1-11ನೇ ಹಂತದಲ್ಲಿ ತಾಳ ಕೇಳಿ ಹಾರಿದರೂ ಆಟದ ನಾಯಕ ಕಮಾಂಡರ್‌ವಿಡಿಯೋ ಡಿಕ್ಕಿ ಹೊಡೆಯುತ್ತಾನೆ ಅಂತ? ಬ್ಲೂಟೂತ್ ಹೆಡ್‌ಫೋನ್ ಬಿಚ್ಚಿಡಿ ಅಂದವರಿಗೆ ದೊಡ್ಡ ನಮಸ್ಕಾರ. ತಪ್ಪು ಅದರದ್ದೇ. ಸದ್ದು ಕಿವಿಗೆ ಬರುವಷ್ಟರಲ್ಲಿ ಕಲ್ಲು ಕಾಲ ಬಳಿ ಬಂದಿರುತ್ತಿತ್ತು.

ಡ್ರಾಯರ್‌ನಲ್ಲಿದ್ದ ಹಳೇ ವೈರ್ ಇಯರ್‌ಫೋನ್ ಸಿಕ್ಕಿಸಿದೆ, ಚಿತ್ರವೂ ತಡವಾಗದಿರಲಿ ಅಂತ ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದೆ. ಆಹಾ! ಪ್ರತಿ ಹಾರಿಕೆಗೂ ಒಂದು ಸ್ವರ, ಅದು ಹಾಡಿಗೇ ಸೇರಿಕೊಳ್ಳುತ್ತದೆ. ಇಷ್ಟು ದಿನ ಅದು ನನಗೆ ಕೇಳಿಸಿಯೇ ಇರಲಿಲ್ಲ. ಆದರೂ 1-11 ಸುಮ್ನೆ ಬಿಡಲಿಲ್ಲ. ಒಂದು ಸಲ ತಗುಲಿದರೆ ಮತ್ತೆ ಮೊದಲಿನಿಂದ ಓಡಬೇಕು, ಹಂತವೋ ಮುಗಿಯುವುದೇ ಇಲ್ಲ. ಭಾನುವಾರ ರಾತ್ರಿ ದಾಟಿದೆ. ಅಂಗೈ ಒದ್ದೆ, ಕಾಫಿ ತಣ್ಣಗೆ.

ಆ ಹುಮ್ಮಸ್ಸಿನಲ್ಲಿ ಸರಣಿಯ ಮೊದಲ ಆಟ, 2009ರ ಬೀಟ್ ಕೂಡ ಶುರು ಮಾಡಿದೆ. ನೋಡೋಕೆ ಹಳೇ ಪಾಂಗ್ ಆಟದ ಥರ, ಹಾರಿ ಬರುವ ಚುಕ್ಕಿಗಳನ್ನು ಒಂದು ಪಟ್ಟಿಯಿಂದ ತಡೆಯಬೇಕು. ಜಾಸ್ತಿ ಚುಕ್ಕಿ ತಪ್ಪಿಸಿಕೊಂಡರೆ ಪರದೆ ಕಪ್ಪು ಬಿಳುಪಾಗಿ ಹಾಡೇ ನಿಂತುಬಿಡುತ್ತದೆ. ಆಗ ಕಣ್ಣನ್ನೇ ನಂಬಿ ಆಡಬೇಕು. ಎದೆ ಧಸಕ್ ಅನ್ನುತ್ತದೆ, ಅಲ್ವಾ?

ಆರೂ ಆಟ ಕ್ರಮವಾಗಿ ಆಡಿ ಅಂದಿದ್ದಿರಿ. ಬೀಟ್ ಆದಮೇಲೆ ಕೋರ್, ವಾಯ್ಡ್. ರನ್ನರ್ ನಾಲ್ಕನೆಯದು, ನಾನು ನಡುವೆಯೇ ನುಗ್ಗಿದ್ದೆ. ಫೇಟ್, ಫ್ಲಕ್ಸ್ ಇನ್ನೂ ಬಾಕಿ. ಹೆಡ್‌ಫೋನ್ ತಂಗಿಗೆ ಕೊಟ್ಟೆ, ಅವಳು ಬರೀ ಸಿನಿಮಾ ನೋಡುತ್ತಾಳೆ.