ಆನ್‌ಲೈನ್ ಡಿಎಲ್‌ಸಿ ಪ್ರಾಕ್ಟಿಕಲ್: ಗುಂಪಿನಲ್ಲಿ ಒಬ್ಬರೇ ಎಣಿಸ್ತಾರೆ, ಉಳಿದವರು ಮ್ಯೂಟ್

ತುಂಗಾತೀರ:
ನಮಸ್ಕಾರ. ಎಂಬಿಬಿಎಸ್ ಮೊದಲ ವರ್ಷದವರಿಗೆ ಫಿಸಿಯಾಲಜಿ ಪ್ರಾಕ್ಟಿಕಲ್ ತಗೊಳ್ತೇನೆ. ಲ್ಯಾಬ್ ರಿಪೇರಿ ನಡೀತಿರೋದ್ರಿಂದ ಡಿಎಲ್‌ಸಿ, ಅಂದರೆ ಬಿಳಿ ರಕ್ತಕಣಗಳ ಬಗೆವಾರು ಎಣಿಕೆ, ಸದ್ಯಕ್ಕೆ ಝೂಮ್‌ನಲ್ಲಿ. ನಾಲ್ವರಿಗೊಂದು ಬ್ರೇಕ್‌ಔಟ್ ರೂಮ್ ಮಾಡಿ, ಲೀಶ್ಮನ್ ಬಣ್ಣ ಹಾಕಿದ ಸ್ಲೈಡಿನ ಫೋಟೋಗಳನ್ನು ಸ್ಕ್ರೀನ್ ಶೇರ್ ಮಾಡಿಸ್ತೇನೆ. ಪ್ರತಿ ರೂಮಲ್ಲೂ ಒಬ್ಬರು ಎಣಿಸ್ತಾರೆ, ಮೂವರು ಮ್ಯೂಟ್ ಮಾಡಿಕೊಂಡು ಉತ್ತರ ಬರ್ಕೊಳ್ತಾರೆ.

ಇನ್ನೊಂದು ತೊಂದರೆ: ಕೆಲವರ ಲೆಕ್ಕದಲ್ಲಿ ಇಯೋಸಿನೊಫಿಲ್ ಅನ್ನೋ ಬಗೆಯ ಬಿಳಿ ರಕ್ತಕಣ ವಿಪರೀತ. ಆರೋಗ್ಯವಂತರ ರಕ್ತದ ಸ್ಲೈಡ್ ಅದು, ಶೇ. 1ರಿಂದ 6ರೊಳಗೆ ಬರಬೇಕು. ಏನು ಮಾಡಲಿ?

ಸ್ಲೈಡ್‌ಮೇಷ್ಟ್ರು:
ಎರಡನೆಯದು ಸುಲಭ ಮೇಡಂ, ಅದನ್ನೇ ಮೊದಲು ನೋಡಿ. ಫೋನಿನಲ್ಲಿ ನೈಟ್ ಮೋಡ್ ಆನ್ ಇದ್ದರೆ ಪರದೆ ಹಳದಿಗೆ ತಿರುಗುತ್ತೆ. ಆಗ ನ್ಯೂಟ್ರೊಫಿಲ್ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣದೊಳಗಿನ ನವುರಾದ ನೇರಳೆ ಗ್ರಾನ್ಯೂಲ್‌ಗಳೂ (ಸಣ್ಣ ಕಾಳುಗಳು) ಇಯೋಸಿನೊಫಿಲ್‌ನವುಗಳ ಹಾಗೆ ಕಿತ್ತಳೆ ಥರ ಕಾಣಬಹುದು. ಆಫ್ ಮಾಡಿಸಿ. ಬಣ್ಣವೊಂದನ್ನೇ ನಂಬಬೇಡಿ ಅಂತಲೂ ಹೇಳಿ. ಇಯೋಸಿನೊಫಿಲ್‌ನ ಗ್ರಾನ್ಯೂಲ್‌ಗಳು ದಪ್ಪ, ಒತ್ತೊತ್ತಾಗಿ ತುಂಬಿರುತ್ತವೆ, ನ್ಯೂಕ್ಲಿಯಸ್ ಸಾಮಾನ್ಯವಾಗಿ ಎರಡು ಹಾಲೆಯದು. ಸ್ಕ್ರೀನ್ ಶೇರ್‌ನಲ್ಲಿ ಈ ಸೂಕ್ಷ್ಮವೆಲ್ಲ ಮಸುಕಾಗಿಬಿಡುತ್ತೆ. ಫೋಟೋಗಳನ್ನು ಡ್ರೈವ್‌ನಲ್ಲಿ ಹಾಕಿ, ಅವರವರೇ ಹಿಗ್ಗಿಸಿ ನೋಡಲಿ.

ಮೊದಲನೆಯದಕ್ಕೆ ಬಂದರೆ, ನೀವು ಕೊಟ್ಟ ಕೆಲಸ ಒಬ್ಬರಿಂದಲೇ ಆಗುವಂಥದ್ದು, ಹಾಗಾಗಿ ಒಬ್ಬರೇ ಮಾಡ್ತಾರೆ. ನೂರು ಬಿಳಿ ರಕ್ತಕಣ ಎಣಿಸಬೇಕು ತಾನೇ? ನಾಲ್ವರಿಗೂ ಬೇರೆ ಬೇರೆ ಫೋಟೋ ಕೊಡಿ, ತಲಾ 25. ಉಳಿದವರ 25 ಸೇರದೆ ಯಾರ ರಿಪೋರ್ಟೂ ಮುಗಿಯಬಾರದು. ಗೂಗಲ್ ಶೀಟ್‌ನಲ್ಲಿ ಒಬ್ಬೊಬ್ಬರಿಗೊಂದು ಕಾಲಂ. ಕೂಡುವ ಮುಂಚೆ ಫೋಟೋ ಅದಲು ಬದಲು ಮಾಡಿ, ಒಬ್ಬರ ಎಣಿಕೆಯನ್ನು ಇನ್ನೊಬ್ಬರು ಪರೀಕ್ಷಿಸಲಿ. ಬಿಳಿ ರಕ್ತಕಣಗಳಲ್ಲೇ ಇದು ಮಾನೊಸೈಟೋ, ದೊಡ್ಡ ಲಿಂಫೊಸೈಟೋ ಅಂತ ಜಗಳ ಏಳೋದು ಅಲ್ಲೇ. ಏಳಲಿ ಬಿಡಿ. ತಕ್ಷಣ ಉತ್ತರ ಹೇಳಿಬಿಡಬೇಡಿ. ನ್ಯೂಕ್ಲಿಯಸ್ ಆಕಾರ ನೋಡಿ ಹೇಳಿದ್ದೋ, ಸುತ್ತಲಿನ ಸೈಟೊಪ್ಲಾಸಂ ಬಣ್ಣ ನೋಡಿಯೋ, ಕಾರಣ ಬರೆಸಿ. ನನ್ನ ಪ್ರಕಾರ ಇಡೀ ತರಗತಿಯಲ್ಲಿ ನಿಜವಾಗಿ ಕಲಿಯೋ ಹೊತ್ತು ಅದೇ.

ಲ್ಯಾಬ್‌ಕಿಟಕಿ:
ನಾನು ಟೆಕ್ನಿಷಿಯನ್, ಒಂದು ಮಾತು ಸೇರಿಸ್ತೇನೆ ಸರ್. ಫೋಟೋ ಸ್ಮಿಯರ್‌ನ, ಅಂದರೆ ಸ್ಲೈಡಿನ ಮೇಲೆ ತೆಳ್ಳಗೆ ಎಳೆದ ರಕ್ತದ ಪದರದ, ಯಾವ ಜಾಗದಲ್ಲಿ ತೆಗೆದದ್ದು ಅನ್ನೋದು ಮುಖ್ಯ. ನ್ಯೂಟ್ರೊಫಿಲ್, ಮಾನೊಸೈಟ್‌ಗಳು ಅಂಚಿಗೂ ಬಾಲದ (ಪದರ ತೆಳುವಾಗಿ ಮುಗಿಯೋ ತುದಿ) ಕಡೆಗೂ ಹೆಚ್ಚು ಸೇರ್ತವೆ, ಲಿಂಫೊಸೈಟ್ ನಡುವೆ ಉಳಿಯುತ್ತೆ. ಒಬ್ಬರಿಗೆ ಬರೀ ಅಂಚಿನ ಫೋಟೋ ಸಿಕ್ಕರೆ ಅವರು ಎಷ್ಟೇ ಸರಿಯಾಗಿ ಎಣಿಸಿದರೂ ಲೆಕ್ಕ ವಾಲುತ್ತೆ. ರಕ್ತಕಣಗಳು ಒಂದರ ಮೇಲೊಂದು ಬೀಳದ ಭಾಗದಲ್ಲಿ, ಅಂಚಿನಿಂದ ಒಳಕ್ಕೆ, ಮತ್ತೆ ಅಂಚಿಗೆ, ಕೋಟೆಯ ತೆನೆಯ ಹಾಗೆ ಸಾಗ್ತಾ ಆಯಿಲ್ ಇಮ್ಮರ್ಶನ್‌ನಲ್ಲಿ (ಎಣ್ಣೆ ಹನಿ ಹಾಕಿ ನೋಡೋ ಹೆಚ್ಚು ಹಿಗ್ಗಿಸುವ ಲೆನ್ಸ್) ತೆಗೀರಿ. ನಾಲ್ವರಿಗೂ ಎರಡೂ ಕಡೆಯವು ಬರೋ ಹಾಗೆ ಹಂಚಿ.

ತುಂಗಾತೀರ:
ಇಬ್ಬರಿಗೂ ಧನ್ಯವಾದ. ಹಾಗೇ ಮಾಡಿದೆ, ಇಯೋಸಿನೊಫಿಲ್ ದಾರಿಗೆ ಬಂತು. ಒಂದು ರೂಮಲ್ಲಿ ಒಬ್ಬಳಿಗೆ 25ರಲ್ಲಿ ಲಿಂಫೊಸೈಟ್ 12, ಇನ್ನೊಬ್ಬನಿಗೆ 5. ಇಬ್ಬರೂ ಗಾಬರಿಯಾಗಿ ಮೈಕ್ ಆನ್ ಮಾಡಿದರು. ಉಳಿದವರ 9, 7 ಕೂಡಿದಾಗ ನೂರಕ್ಕೆ 33, ಸರಿಯಾಗೇ ಇತ್ತು. ಕಡಿಮೆ ಎಣಿಸಿದರೆ ಯಾಕೆ ಸಾಲದು ಅಂತ ನಾನು ಹೇಳಿಕೊಡೋದೇ ಬೇಕಾಗಲಿಲ್ಲ. ಸ್ಮಿಯರ್ ಎಳೆಯೋದನ್ನೂ ಹೀಗೇ ಕಲಿಸಬಹುದಾ?

ಸ್ಲೈಡ್‌ಮೇಷ್ಟ್ರು:
ಅದು ಆಗಲ್ಲ ಮೇಡಂ. ರಕ್ತ ಎಳೆಯೋ ಗಾಜು, ಅಂದರೆ ಸ್ಪ್ರೆಡರ್, 30ರಿಂದ 45 ಡಿಗ್ರಿ ಓರೆ ಇರಬೇಕು ಅಂತ ವಿಡಿಯೋದಲ್ಲಿ ತೋರಿಸಬಹುದು. ಆದರೆ ಎಷ್ಟು ಒತ್ತಬೇಕು, ಎಷ್ಟು ಬೇಗ ಎಳೀಬೇಕು ಅನ್ನೋದು ಗಾಜು ಹಿಡಿದ ಕೈಗೇ ಗೊತ್ತಾಗಬೇಕು. ಮನೇಲಿ ಬೆರಳು ಚುಚ್ಚಿಕೊಂಡು ಮಾಡಿ ಅಂತ ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ. ಸದ್ಯಕ್ಕೆ ಕೆಟ್ಟ ಸ್ಮಿಯರ್‌ಗಳ ಫೋಟೋ ಕೊಡಿ: ತೀರಾ ದಪ್ಪಗಾದದ್ದು, ನಡುವೆ ತೂತು ಬಿದ್ದದ್ದು, ಬಣ್ಣ ಗಸಿಗಟ್ಟಿದ್ದು. ಎಲ್ಲಿ ಎಡವಟ್ಟಾಯ್ತು ಅಂತ ಗುಂಪಿನಲ್ಲಿ ಚರ್ಚಿಸಲಿ. ಲ್ಯಾಬ್ ತೆರೆದ ಮೇಲೆ ಮೊದಲ ಬ್ಯಾಚ್‌ಗಳನ್ನು ಪೂರ್ತಿ ಸ್ಮಿಯರ್‌ಗೂ ಬಣ್ಣ ಹಾಕೋದಕ್ಕೂ ಇಟ್ಟುಬಿಡಿ. ಎಣಿಕೆ ಹೇಗೂ ಕಲಿತಿರ್ತಾರೆ.